ಮೋಜು, ಅಂಬಲಿ, ತಾತ

ಸಿಗ್ನಲ್ ಸಿಗುವುದು ಬಿಸಿಯೂಟದ ಕೋಣೆಯ ಕಿಟಕಿಯಲ್ಲಿ ಮಾತ್ರ.
ತೊಗರಿಬೇಳೆ ಡಬ್ಬಿಗೆ ಫೋನು ಒರಗಿಸಿ
ಹದಿನೇಳು ಮಕ್ಕಳನ್ನು ನೆಲಕ್ಕೆ ಕೂರಿಸಿದ್ದೇನೆ.
ಪಾಂಡವಪುರದಾಚೆ, ನಾಲೆ ಏರಿಯ ಶಾಲೆ ನಮ್ಮದು.
ನಮಗೆ ಹನ್ನೊಂದೂವರೆ, ಅವರಿಗೆ ಇನ್ನೂ ಒಂಬತ್ತು.
ಚಿಕ್ಕತಾಯಮ್ಮ ಉರಿ ಸಣ್ಣ ಮಾಡಿ
ಸೌಟು ಹಿಡಿದೇ ಬಂದು ಇಣುಕಿದಳು:
‘ಆಫ್ರಿಕಾದಲ್ಲೂ ಇಸ್ಕೂಲದಾ?’

ಗಾಜಿನ ಮೇಲೆ ಚಕ್ರ ಸುತ್ತಿತು, ಸುತ್ತಿತು,
ಆಮೇಲೆ ಒಂದು ಮುಖ.
ಮುಂದಿನ ಸಾಲಿನ ಮೋನಿಷ್ ಕಿಸಕ್ಕೆಂದ:
‘ಮಿಸ್, ಎಷ್ಟು ಕಪ್ಪಗವ್ಳೆ!’
ಗದರಲು ನಾಲಿಗೆ ಏಳಲಿಲ್ಲ ನನಗೆ.
ಬೆಳಗ್ಗೆಯಷ್ಟೇ ತಮ್ಮನ ಪರವಾಗಿ
ಮದುವೆ ಬ್ರೋಕರಿಗೆ ಹೇಳಿ ಬಂದಿದ್ದೆ:
‘ಬೇರೆ ಹುಡುಗಿ ನೋಡಿ, ಇದು ಬಣ್ಣ ಒಂಚೂರು ಕಮ್ಮಿ.’

ಕಿಸುಮುವಿನಾಚೆಯ ಹುಡುಗಿ. ಏಳು ವರ್ಷ. ಅತಿಯೆನೊ.
ಅಲ್ಲಿನ ಟೀಚರು ಇಂಗ್ಲಿಷಿನಲ್ಲಿ ಹೇಳಿದ್ದನ್ನು
ನಮ್ಮ ಮಾತಿಗೆ ಬಗ್ಗಿಸಿದೆ:
ರಾತ್ರಿ ಹುಟ್ಟಿದ ಹೆಣ್ಣುಮಗುವಿಗೆ ಆ ಹೆಸರು.
‘ನಾನೂ ರಾತ್ರೀನೇ ಮಿಸ್! ಕರೆಂಟ್ ಬೇರೆ ಓಗಿತ್ತಂತೆ!’
ಜನ್ಯ ಎದ್ದು ನಿಂತಳು. ಪೂರ್ವಿಕಾಳೂ ಎದ್ದಳು.
ಎರಡೇ ನಿಮಿಷಕ್ಕೆ ನನ್ನ ತರಗತಿಯಲ್ಲಿ ನಾಲ್ಕು ಅತಿಯೆನೊ.
(ಮೋನಿಷ್ ಹುಟ್ಟಿದ್ದು ಹಾಲು ಕರೆಯುವ ಹೊತ್ತಿಗೆ.
ಅವನಿಗೆ ತುಸು ಬೇಜಾರು.)

ಬೆರಳು ಮಡಚಿ ಎಣಿಸಿ ತೋರಿಸಿದಳು ಅವಳು:
ಮೋಜಾ, ಮ್ಬಿಲಿ, ತಾತು, ನ್ನೆ, ತಾನೊ.
ನಮ್ಮವರ ಕಿವಿಗೆ ಬಿದ್ದದ್ದು
ಮೋಜು, ಅಂಬಲಿ, ತಾತ, ನೆನ್ನೆ, ತಾನು.
‘ತಾತ ಅಂದ್ರೆ ಮೂರಂತೆ ಕಣ್ಲಾ!’
ನಗುವಿಗೆ ಬೇಳೆ ಡಬ್ಬಿ ಅಲುಗಿ
ಫೋನು ಮಗುಚಿಕೊಂಡಿತು. ಅತ್ತಲೂ ನಗು.
ನಮ್ಮ ಸೂರಿನ ಜೇಡರ ಬಲೆ ನೋಡುತ್ತಿದ್ದರಂತೆ.

ಎತ್ತಿ ನಿಲ್ಲಿಸಿದೆ, ಓರೆಯಾಗಿ ನಿಂತಿತು.
ಅತಿಯೆನೊ ಬೆರಳು ಚಾಚಿದಳು:
ಬಾಗಿಲ ಬಳಿ ಇರುವವನು ಯಾರು?
ಅವನ ಪಕ್ಕ ಯಾಕೆ ಅಷ್ಟು ಜಾಗ?

ಹುಲುಗಪ್ಪ. ಬಳ್ಳಾರಿ ಕಡೆಯಿಂದ ಕಬ್ಬು ಕಡಿಯಲು ಬಂದವರ ಮಗ,
ನಾಲೆಯಂಚಿನ ನೀಲಿ ಟಾರ್ಪಾಲಿನವನು.
ಹೇನು ಎಂದರು ಒಬ್ಬರು, ವಾಸನೆ ಎಂದರು ಇನ್ನೊಬ್ಬರು;
ದೀಪಾವಳಿಯಿಂದ ಅವನ ಸುತ್ತ
ಒಂದು ಚಾಪೆಯಗಲ ನೆಲ ಬರಿದು.
ದಿನಾ ಹಾಜರಿ ಕೂಗುತ್ತೇನೆ. ಆ ನೆಲ ನನಗೆ ಕಂಡಿರಲಿಲ್ಲ.

ಸುಳ್ಳು ಹೇಳಿದೆ:
‘ಅಲ್ಲಿ ಅವನಿಗೆ ಗಾಳಿ ಚೆನ್ನಾಗಿ ಬರುತ್ತದೆ.’
ನಂಬಿದಳೋ ಇಲ್ಲವೋ,
‘ಹತ್ತಿರ ಬರಲಿ, ಅರ್ಧವೇ ಕಾಣುತ್ತಾನೆ’ ಎಂದಳು.

ಫೋನಿನ ಕಣ್ಣು ಗೇಣಗಲ. ಅದರೊಳಗೆ ಬರಬೇಕೆಂದರೆ
ಒತ್ತಿಕೊಳ್ಳಬೇಕು ಭುಜಕ್ಕೆ ಭುಜ, ಮಂಡಿಗೆ ಮಂಡಿ;
ಹೊರಗುಳಿಯಲು ಯಾರಿಗೂ ಮನಸ್ಸಿಲ್ಲ.
ಹುಲುಗಪ್ಪ ತೆವಳಿಕೊಂಡು ಬಂದು
ಮೋನಿಷನ ಮೊಣಕೈಯಡಿ ತಲೆ ತೂರಿಸಿದ.

ಅವಳ ಬೆನ್ನ ಹಿಂದೆ ಕಿಟಕಿ, ಕಿಟಕಿಯಾಚೆ ಹಸಿರು.
ಇಷ್ಟು ದಿನ ತುಟಿ ಬಿಚ್ಚದವನು ಬಿಚ್ಚಿದ:
‘ಅದು ಕಬ್ಬು ಐತ್ರಿ ಟೀಚರ್. ಕಡಿಯಾಕ ಬಂದೈತಿ.
ರವದಿ ಒಣಗೈತಿ ನೋಡ್ರಿ.’
ತಿರುಗಿಸಿ ಹೇಳಿದೆ. ಅವಳ ಹುಬ್ಬು ಮೇಲೇರಿತು.
ಹೌದು, ಅವಳಪ್ಪನೂ ಕಬ್ಬು ಕಡಿಯುವವನೇ,
ಕೂಲಿಗೆ, ಊರಿಂದೂರಿಗೆ.

ಸ್ವಲ್ಪ ಹೊತ್ತು
ಸಾರು ಕುದಿಯುವ ಸದ್ದಷ್ಟೇ ಕೇಳಿಸಿತು.
ಆಮೇಲೆ ಮತ್ತೆ ಆ ಚಕ್ರ. ಡೇಟಾ ಮುಗಿದಿತ್ತು.

ಇಷ್ಟಕ್ಕೇ ಲೋಕ ಬದಲಾಯಿತೆಂದರೆ ಚಿಕ್ಕತಾಯಮ್ಮ ನಗುತ್ತಾಳೆ.
ಅವತ್ತಿನ ಊಟಕ್ಕೇ ಪೂರ್ವಿಕಾ
ತಟ್ಟೆಯನ್ನು ಅತ್ತ ಸರಿಸಿಕೊಂಡಳು.
ಮರುದಿನ ಮೋನಿಷನ ಅಜ್ಜಿ ಬಂದು
‘ಯಾರ್ಯಾರ ಪಕ್ಕವೋ ಕೂರ್ಸ್ತೀರಂತೆ’ ಎಂದು
ಅಂಗಳದಲ್ಲೇ ನಿಂತರು, ಒಳಗೆ ಬರಲಿಲ್ಲ.
ಬ್ರೋಕರಿಗೆ ಎರಡು ಸಲ ಫೋನು ಮಾಡಿದೆ.
ಎತ್ತಲಿಲ್ಲ. ಮೂರನೆಯ ಸಲ ನಾನು ಮಾಡಲಿಲ್ಲ.

ಈಗ ಹುಣಸೆಮರಕ್ಕೆ ಮುಖ ಒತ್ತಿ
ಮೋನಿಷ್ ಎಣಿಸುತ್ತಿದ್ದಾನೆ:
ಮೋಜು… ಅಂಬಲಿ… ತಾತ… ನೆನ್ನೆ…
ಐದು ಬರುವಷ್ಟರಲ್ಲಿ ಅಡಗಬೇಕು.
ಉಳಿದಿರುವುದು ನೀರಿನ ಡ್ರಮ್ಮಿನ ಹಿಂದಿನ ಸಂದಿ ಒಂದೇ.
ಅಲ್ಲಿ ಜನ್ಯ ಮತ್ತು ಹುಲುಗಪ್ಪ,
ಉಕ್ಕುವ ನಗು ಹೊರಬೀಳದ ಹಾಗೆ
ಒಬ್ಬರ ಬಾಯಿಗೆ ಒಬ್ಬರು ಕೈ ಅಡ್ಡ ಹಿಡಿದು.