ಟಿಕೆಟ್ಟಿನ ಹಿಂಬದಿ

ಆಶ್ವಯುಜದ ಬಿಸಿಲು ಆಯನೂರು ದಾಟುವಾಗ
ನನ್ನ ಚೀಲದ ಚಿಲ್ಲರೆಯ ಮೇಲೆ ಬೀಳುತ್ತದೆ.
ಮಳೆಗಾಲ ಮುಗಿದದ್ದಕ್ಕೆ ನನಗೆ ಅದೊಂದೇ ಗುರುತು,
ನೋಟುಗಳು ಒಂದಕ್ಕೊಂದು ಅಂಟುವುದಿಲ್ಲ.

ಶಿವಮೊಗ್ಗ–ಸಾಗರ, ಸಾಗರ–ಶಿವಮೊಗ್ಗ.
ಮಕ್ಕಳ ಲೆಕ್ಕ ಬರೆಯಲು ಡೈರಿಯಿಲ್ಲ.
ಮಿಷನ್ನು ಉಗುಳಿದ ಹಾಳು ಚೀಟಿಯ ಬೆನ್ನಿಗೆ
ಕುಂಸಿ ಬರುವಷ್ಟರಲ್ಲಿ ಒಂದು ಸಾಲು.

ಮಹಾನವಮಿ:
ಡಿಪೋದಲ್ಲಿ ಬಸ್ಸಿನ ಮೂತಿಗೆ ಚೆಂಡುಹೂ, ಗಾಲಿಗೆ ನಿಂಬೆಹಣ್ಣು.
ಮನೆಯಲ್ಲಿ ಹಾಲೇಶನ ಹೊಲಿಗೆ ಮಿಷನ್ನಿಗೆ, ಕತ್ತರಿಗೆ,
ಟೇಪಿಗೆ ಕೂಡ ವಿಭೂತಿ.
ಸಿಂಚನಾ ತನ್ನ ಅಲ್ಲಾಡುವ ಹಲ್ಲಿಗೂ
ಕುಂಕುಮ ಇಡಬೇಕೆಂದು ಬಾಯಿ ತೆರೆದು ಕೂತಳು.
"ಕಬ್ಬು ಸಿಗಿಯಲ್ವಾ ಇದು? ಆಯುಧ ಅಲ್ವಾ?"
ಅತ್ತೆಗೆ ಉತ್ತರ ಹೊಳೆಯಲಿಲ್ಲ. ಇಟ್ಟರು.

ದ್ವಾದಶಿ:
ಆಯುಧ ಬಿತ್ತು, ಕಬ್ಬಿಗಲ್ಲ, ಬಾಳೆಹಣ್ಣಿಗೆ.
ಸಗಣಿಯುಂಡೆಯಲ್ಲಿಟ್ಟು ಹೆಂಚಿಗೆಸೆಯಬೇಕು.
ಗೋಪಾಳದ ಬಾಡಿಗೆಮನೆಗೆ ಹೆಂಚೆಲ್ಲಿ?
ತಾರಸಿ ಹತ್ತಿ, ನೀರಿನ ಟ್ಯಾಂಕಿನ ನೆತ್ತಿಗೆ
ಅಪ್ಪನ ಹೆಗಲ ಮೇಲಿಂದ ಎಸೆದಳು.
ಮೂರು ದಿನ ನಲ್ಲಿ ತಿರುಗಿಸಿದಾಗೆಲ್ಲ
ನೀರನ್ನು ಬೆಳಕಿಗೆ ಹಿಡಿದು ನೋಡಿದಳು.

ಹುಣ್ಣಿಮೆಯ ಹಿಂದಿನ ಸಂಜೆ
ನನ್ನದೇ ಬಸ್ಸು, ನನ್ನದೇ ಸಂಸಾರ, ಮೂರನೇ ಸೀಟು.
ಆರು ತುಂಬಿದೆ, ನನಗೂ ಟಿಕೆಟ್ ಕೊಡು ಎಂದಳು.
ಹೆಣ್ಣುಮಕ್ಕಳಿಗೀಗ ಸೊನ್ನೆ ರೂಪಾಯಿ ಕಣೇ ಅಂದರೆ,
"ಸೊನ್ನೆಯದೇ ಕೊಡು."
ಹರಿದು ಕೊಟ್ಟೆ. ಮಡಚದೆ ಹಿಡಿದು
ಆನಂದಪುರದವರೆಗೂ ಕಿಟಕಿಯ ಗಾಳಿಗೆ ಕಾವಲು ಕೂತಳು.

ತವರಿನ ಗದ್ದೆ, ಇನ್ನೂ ಕತ್ತಲೆ.
ಕೆಮ್ಮಣ್ಣು ಬಳಿದ ಬುಟ್ಟಿಯ ಮೇಲೆ
ಅತ್ತಿಗೆ ಅಕ್ಕಿಹಿಟ್ಟಲ್ಲಿ ಎಳೆದ ಬಿಳಿಗೆರೆ ಮಾತ್ರ
ಮುಂದೆ ಮುಂದೆ ನಡೆಯುತ್ತಿತ್ತು.
ಬಸುರಿ ಬತ್ತಕ್ಕೆ ಬಯಕೆಯೂಟ,
ಕಡುಬು, ಬೆರಕೆಸೊಪ್ಪು, ಅಮಟೆಯ ಹುಳಿ.
"ಇದರೊಳಗೂ ಪಾಪುನಾ? ಹಲ್ಲಿರತ್ತಾ?"
ಮಾವ ಒಂದು ಕಾಳು ಕಿತ್ತು ಉಗುರಲ್ಲಿ ಒತ್ತಿದ.
ಬಿಳಿಯ ಹನಿ.
"ಈಗ ಹಾಲು. ಹಲ್ಲು ಆಮೇಲೆ."
ನಾಲಿಗೆ ತನ್ನ ಬಾಯಿಯ ಕಿಂಡಿಗೆ ಹೋಗಿ ಬಂದದ್ದು
ಅವಳ ಕೆನ್ನೆಯಲ್ಲಿ ಕಂಡಿತು.
ಇಲಿಗೆ ಇಟ್ಟ ಪಾಲಿಗೆ ಮನ್ವಿತ್ ಕೈಹಾಕಿದ.

ನೀರು ತುಂಬುವ ಹಬ್ಬದ ದಿನ
ಬೆಂಗಳೂರಿಂದ ಇಳಿದವರೆಲ್ಲ ಸಾಗರಕ್ಕೇ ಹೊರಟಂತೆ ನೂಕು.
ಹೆಚ್ಚುವರಿ ಟ್ರಿಪ್ಪು. ಮನೆ ಮುಟ್ಟಿದಾಗ ಹತ್ತೂವರೆ,
ಎರಡೂ ಕೂಸು ನಿದ್ದೆ, ಹಂಡೆಯ ಕೊರಳಿಗೆ ಹಿಂಡಲಬಳ್ಳಿ.

ಬೆಳಗಿನ ಎಣ್ಣೆಸ್ನಾನ ಮುಗಿದು
ಹಾಲೇಶ ಮಗನನ್ನು ಬಾಗಿಲ ಬಳಿ ನಿಲ್ಲಿಸಿ ಕೈಬಿಟ್ಟ.
ಸಿಂಚನಾ ನನ್ನ ಹಳೆಯ ಸೀಟಿ ಊದಿದಳು,
"ರೈಟ್! ರೈಟ್!"
ಒಂದು, ಎರಡು... ಐದು ಹೆಜ್ಜೆ. ನನ್ನ ಮಡಿಲು.
"ಹೋಲ್ಡಾನ್!"

"ಇದೇ ಮೊದಲು" ಎಂದ ಹಾಲೇಶ,
ಸೂಜಿಗೆ ದಾರ ಪೋಣಿಸುತ್ತ, ನನ್ನ ಕಡೆ ನೋಡದೆ.
ಇಷ್ಟು ಪಳಗಿದ ಡ್ರೈವರು ಒಂದೇ ದಿನಕ್ಕೆ ಆಗುವುದಿಲ್ಲ.
ಕೆಂಪು ನೆಲದ ಮೇಲೆ ಟೈಲರ್ ಚಾಕಿನ ಏಳು ಗೀಟು,
ಒದ್ದೆಬಟ್ಟೆ ಅರ್ಧಕ್ಕೇ ಸೋತಿತ್ತು.
ಸಿಂಚನಾ ಎರಡೂ ಕೈಯಲ್ಲಿ ಬಾಯಿ ಮುಚ್ಚಿಕೊಂಡಿದ್ದಳು,
ಗುಟ್ಟು ಕಿಂಡಿಯಿಂದ ಸೋರಿಬಿಟ್ಟೀತೆಂದು.

ಹೌದು, ಮೊದಲು, ಎಂದೆ.
ಇನ್ನೊಮ್ಮೆ ನಡೆಸಿದೆ. ಮತ್ತೊಮ್ಮೆ.

ಇವತ್ತು ಪಾಡ್ಯ. ಬಸ್ಸು ಖಾಲಿ.
ಚೀಲದ ತಳದಿಂದ ಚೀಟಿಗಳನ್ನು ತೆಗೆದರೆ
ಅಚ್ಚಾದದ್ದೆಲ್ಲ, ದರ, ಸ್ಟೇಜು, ಸಮಯ,
ಬಿಸಿಲಿಗೆ ಮಾಸಿ ಕಾಗದವಷ್ಟೇ ಉಳಿದಿದೆ.
ಬೆನ್ನಿನ ಪೆನ್ನು ಮಾಸಿಲ್ಲ.
ಹೊಸದೊಂದರ ಮೇಲೆ ಬರೆದೆ:
ಮನ್ವಿತ್. ಏಳು ಹೆಜ್ಜೆ.
ಯಾವ ತಾರೀಖು ಹಾಕಲಿ ಎಂದು ಪೆನ್ನು ನಿಂತಿತ್ತು,
ಅಷ್ಟರಲ್ಲಿ ಕುಂಸಿ. ಕೋಳಿ ಹಿಡಿದ ಅಜ್ಜಿಯೊಬ್ಬಳು
ಹತ್ತುತ್ತಲೇ ಕೇಳಿದಳು,
ಇದಕ್ಕೂ ಟಿಕೆಟ್ಟಾ ಮಗಾ?