ಸಿಕ್ಕು

ಮೇ ತಿಂಗಳ ಕೊಪ್ಪಳದಲ್ಲಿ ಉಣ್ಣೆ ಮೇಳ ಅಂದಾಗ
ಗಾಳೆಮ್ಮ ನಕ್ಕ ನಗೆಗೆ ಆಟೋದವನೂ ಹಿಂದಿರುಗಿ ನೋಡಿದ.
‘ಬೆಂಕ್ಯಾಗ ಕುಂತು ಕಂಬಳಿ ಹೊದ್ಕೊಳ್ಳಾಕ ಹೊಂಟಂಗಾತು.’
ಆದರೂ ಬಂದಳು. ಭಾನುವಾರ ಅವಳಿಗೆ ಕೂದಲಿಲ್ಲ.

ಕೂದಲೆಂದರೆ ಅವಳ ತಲೆಯದಲ್ಲ.
ಊರೂರ ಬಾಚಣಿಕೆಗಳಿಂದ ಉದುರಿ
ಪಿನ್ನಿಗೆ, ಬಲೂನಿಗೆ, ಸ್ಟೀಲ್ ಡಬ್ಬಿಗೆ ಬದಲಾಗಿ
ಭಾಗ್ಯನಗರದ ತಗಡಿನ ಶೆಡ್ಡಿಗೆ ಗೋಣಿಯಲ್ಲಿ ಬಂದ ಉಂಡೆಗಳು.
ಎಳೆ ಎಳೆ ಬಿಡಿಸಿ, ಉದ್ದಕ್ಕೆ ಉದ್ದ ಕೂಡಿಸಿ
ಇಪ್ಪತ್ತೆರಡು ವರ್ಷ.
ಸತ್ತವರದೂ ಇರಬಹುದು, ಮದುಮಗಳದೂ ಇರಬಹುದು,
ಅವಳು ಕೇಳುವುದಿಲ್ಲ. ಕಿಲೋಗೆ ಇಷ್ಟು, ಅಷ್ಟೆ.

ನಾನು ಅಂಚೆ ಕಚೇರಿಯಲ್ಲಿ ಠಸ್ಸೆ ಒತ್ತುವವಳು.
ಹೈಸ್ಕೂಲಿನ ಕ್ರಾಫ್ಟ್ ಪೀರಿಯಡ್ಡಿನಲ್ಲಿ
ನೀಲಿ ಸ್ವೆಟರಿನ ಒಂದು ತೋಳು ಹೆಣೆದಿದ್ದೆ, ಒಂದೇ.
ಎರಡನೆಯದಕ್ಕೆ ಮುಂಚೆ ಅವ್ವ
ಆ ಕಡ್ಡಿಯಿಂದ ಲಂಗಕ್ಕೆ ಲಾಡಿ ಪೋಣಿಸಿ ಎಲ್ಲಿಟ್ಟಳೋ ಮರೆತಳು.
ಆ ತೋಳು ಹಿಡಿದು ಹತ್ತು ವರ್ಷ ಬಿಸಿ ಬೋಗುಣಿ ಇಳಿಸಿದೆವು.

ಮದುವೆ ಮಂಟಪದಲ್ಲಿ ಮೇಳ.
ಮೊನ್ನೆಯ ಥರ್ಮಾಕೋಲ್ ನವಿಲು ಇನ್ನೂ ವೇದಿಕೆಯ ಮೇಲಿತ್ತು.
ನಾಲ್ಕು ಕೂಲರ್ ಬೀಸಿದ ಗಾಳಿಗೆ
ನೂಲಿನ ಪುಚ್ಚ ಎದ್ದು ಎಲ್ಲರ ಹುಬ್ಬಿಗೆ ಅಂಟಿತ್ತು.

‘ಪ್ಯೂರ್ ಮೆರಿನೋ ಮೇಡಂ, ಆಸ್ಟ್ರೇಲಿಯಾ ಕುರಿ.’
ಗಾಳೆಮ್ಮ ಒಂದೆಳೆ ಚಿವುಟಿ ತುಟಿಯ ಮೇಲೆ ಎಳೆದಳು,
ವಾಚ್‌ಮನ್ನನ ಕಡ್ಡಿಪೆಟ್ಟಿಗೆ ಇಸಿದುಕೊಂಡು ತುದಿ ಸುಟ್ಟಳು.
‘ಕೂದ್ಲ ಸುಟ್ರ ಕೂದ್ಲ ನಾರಬೇಕು.
ಇದು ಪ್ಲಾಸ್ಟಿಕ್ ಕೊಡ ಸುಟ್ಟಂಗ ನಾರಾಕತ್ತೈತಿ.’
ಬೆಲೆ ಅರ್ಧವಾಯಿತು.
ಕುರಿ ಆಸ್ಟ್ರೇಲಿಯಾ ಬಿಟ್ಟು ಲುಧಿಯಾನಕ್ಕೆ ಬಂತು.

ಮೂಲೆಯಲ್ಲಿ ಕುಷ್ಟಗಿ ಕಡೆಯ ಹುಡುಗನೊಬ್ಬ
ಬಣ್ಣ ಕಾಣದ ಕರಿ ಉಣ್ಣೆ ಇಟ್ಟು ಕೂತಿದ್ದ, ಬೋರ್ಡಿಲ್ಲ.
ಅದನ್ನೂ ಸುಟ್ಟಳು. ಕಣ್ಣು ಮುಚ್ಚಿದಳು.
‘ಹ್ಞಾಂ. ಇದು ನಮ್ಮ ಶೆಡ್ಡಿನ ವಾಸನಿ.’
ಅರ್ಧ ಕಿಲೋ ಕೊಂಡೆ, ಚೌಕಾಸಿ ಮಾಡಲು ಬಿಡಲಿಲ್ಲ ಅವಳು.

ಪುಕ್ಕಟೆ ಕಲಿಕೆಯ ಮೇಜಿನಲ್ಲಿ
ನಸ್ರೀನ್ ಎಂಬ ಹುಡುಗಿ ತಾಳ ಹಾಕಿ ಹೇಳಿಕೊಟ್ಟಳು:
ಒಳಗೆ, ಸುತ್ತು, ಹೊರಗೆ, ಬಿಡು.
ನನ್ನ ಕೈಗೆ ಹಳೆಯದೆಲ್ಲ ನೆನಪಾಗಿ ಆರು ಸಾಲು ಸರಸರ ಹೋಯಿತು.
ಗಾಳೆಮ್ಮನದು ಪ್ರತಿಸಲ ‘ಬಿಡು’ವಿನಲ್ಲೇ ಮುಗಿಯಿತು.
ಇಪ್ಪತ್ತು ಹೊಲಿಗೆ ಏರಿಸಿದ್ದಳು;
ನೋಡಿದರೆ ಕಡ್ಡಿ ಬರಿದು,
ನೂಲು ತೊಡೆಯ ಮೇಲೆ ಬಾಚಿದಂತೆ ನೆಟ್ಟಗೆ ಮಲಗಿತ್ತು.
‘ಕಣ್ಣು ಕಟ್ಟು ಅಂತೈತಿ, ಕೈ ಬಿಡಸು ಅಂತೈತಿ. ಯಾರ ಮಾತು ಕೇಳ್ಲಿ?’
ಆಮೇಲೆ ನನ್ನ ಆರು ಸಾಲು ಮುಟ್ಟಿ ನೋಡಿ:
‘ಇಷ್ಟೊಂದು ಗಂಟು ಹಾಕೀದಿ, ನಾಳೆ ಇದನ್ನ ಬಿಡಸೋರ್ಯಾರು?’

ಅಷ್ಟರಲ್ಲಿ ಯಾರದೋ ಮಗು
ಅರಿಶಿನ ಬಣ್ಣದ ಲಡಿಯೊಂದನ್ನು ಕಾಲಿಗೆ ಸುತ್ತಿಕೊಂಡು ಓಡಿತು.
ಅಂಗಡಿಯವ ಕತ್ತರಿ ತೆಗೆದ.
‘ಏಯ್, ಇಡು ಅದನ್ನ!’
ಮಂಟಪ ಗಪ್ಪಾಯಿತು.
ನವಿಲಿನ ಕೆಳಗೆ, ವಧುವರರ ಕುರ್ಚಿ ಸರಿಸಿ,
ಕಾಲು ಚಾಚಿ ಕೂತಳು, ಹೆಬ್ಬೆರಳಿಗೆ ಒಂದು ತುದಿ.
ಎಳೆಯಲಿಲ್ಲ ಒಮ್ಮೆಯೂ. ಅಲುಗಿಸಿದಳು,
ಸಡಿಲಿಸಿದಳು, ಊದಿದಳು, ಸುಮ್ಮನೆ ಕಾದಳು.
ನಲವತ್ತು ನಿಮಿಷ ನಾನು ಅವಳ ನೀರಿನ ಬಾಟಲಿ ಹಿಡಿದು ನಿಂತಿದ್ದೆ,
ಮದುಮಗಳ ಗೆಳತಿಯ ಹಾಗೆ.

ಆ ಉಂಡೆಯನ್ನೇ ಕೊಟ್ಟು ಕಳಿಸಿದ ಅಂಗಡಿಯವ.
ವಾಪಸು ಬರುವಾಗ ಆಟೋದಲ್ಲಿ
ಕೆನ್ನೆಗೆ ಒತ್ತಿಕೊಂಡು ಕೂತಳು, ಗದಗ ರಸ್ತೆಯುದ್ದಕ್ಕೂ.
‘ಇದು ಯಾರ ತಲೀದೂ ಅಲ್ಲ ನೋಡು,’ ಅಂದಳು.
ನನಗೆ ಏನು ಹೇಳಬೇಕೋ ತೋಚಲಿಲ್ಲ.

ಕರಿ ಉಣ್ಣೆಯಲ್ಲಿ ಎರಡನೇ ತೋಳು ಶುರುವಾಗಿದೆ.
ಸೆಕೆಗೆ ಅಂಗೈ ಬೆವೆತು ಕಡ್ಡಿ ಜಾರುತ್ತದೆ,
ದಿನಕ್ಕೆ ಎರಡು ಸಾಲಾದರೆ ಹೆಚ್ಚು.
ಮೊನ್ನೆ ಕೇಳಿದೆ, ನಿನ್ನ ಅರಿಶಿನದ ಉಂಡೆ ಏನಾಯಿತೆಂದು.
‘ಅದಾ? ಆಡಿನ ಮರಿ ಕೊಳ್ಳಾಗ ಐತಿ.
ಅರ್ಧ ತಿಂದೈತಿ.’