ಹನ್ನೊಂದು ಚೀಟಿ

ಶಿಡ್ಲಘಟ್ಟದಲ್ಲಿ ಶನಿವಾರ ಸಂಜೆ
ಗೂಡಿನ ಮಾರುಕಟ್ಟೆಯ ಗದ್ದಲ ಇಳಿದ ಮೇಲೆ
ಹಳೇ ಶಾಲೆಯ ಏಳನೇ ತರಗತಿಯಲ್ಲಿ
ನಾವು ಹನ್ನೆರಡು ಮಂದಿ
ಮಕ್ಕಳ ಬೆಂಚಿನಡಿ ಮೊಣಕಾಲು ತುರುಕಿಕೊಂಡು
ಮಾತಾಡಲು ಕಲಿಯುತ್ತೇವೆ.

ನಗಬೇಡಿ.
ನಲವತ್ತಾರು ವರ್ಷ ಮಾತಾಡಿಕೊಂಡೇ ಬಂದವಳು ನಾನು.
ತೂಕದ ಕಟ್ಟೆಯಲ್ಲಿ ನಿಂತು
‘ಐವತ್ತೆರಡು ಕೇಜಿ ಮುನ್ನೂರು!’ ಎಂದರೆ
ಆಚೆ ತುದಿಯ ಟೀ ಅಂಗಡಿಯವನೂ ತಲೆ ಎತ್ತುತ್ತಾನೆ.
ಕೂಗುವುದು ಬೇರೆ.
ಹನ್ನೊಂದು ಜನ ಸುಮ್ಮನೆ ಕೂತು ಕಾಯುವಾಗ
ಬಾಯಿ ತೆರೆಯುವುದು ಬೇರೆ.

ದ್ಯಾವಪ್ಪ ಮೇಷ್ಟ್ರದು ಒಂದೇ ನಿಯಮ:
ಮಾತು ಮುಗಿದರೆ ಚಪ್ಪಾಳೆ ಇಲ್ಲ, ಚೀಟಿ.
ಒಬ್ಬೊಬ್ಬರದು ಒಂದೊಂದು. ಹೆಸರು ಹಾಕುವ ಹಾಗಿಲ್ಲ.
ಹಾಕದಿದ್ದರೇನು, ಅಕ್ಷರಕ್ಕೂ ಒಂದು ನಡಿಗೆ ಇರುತ್ತದಲ್ಲ,
ಹೊಸಲು ದಾಟುವ ಮೊದಲೇ
ಇಂಥವರೇ ಎಂದು ತಿಳಿಯುತ್ತದೆ.

ನನ್ನ ವಿಷಯ ‘ಮೊದಲ ಸಂಬಳ’.
ನಾಲ್ಕು ನಿಮಿಷ. ಕೈಯಲ್ಲಿ ಹಾಳೆ.
ಮುಗಿಸಿ ಕೂತಾಗ ಕುತ್ತಿಗೆಯ ಬೆವರು ಕುಪ್ಪಸಕ್ಕೆ ಇಳಿದಿತ್ತು.
ಚೀಟಿಗಳನ್ನು ಅಲ್ಲಿ ಬಿಚ್ಚಲಿಲ್ಲ.
ಸೆರಗಿಗೆ ಗಂಟು ಹಾಕಿ ತಂದು
ಅನ್ನಕ್ಕಿಟ್ಟು, ಒಲೆ ಕಟ್ಟೆಯ ಮೇಲೆ ಹರಡಿದೆ.

ಆರರಲ್ಲಿ ‘ಚೆನ್ನಾಗಿತ್ತು’.
ಒಂದರಲ್ಲಿ ‘ತುಂಬಾ ಚೆನ್ನಾಗಿತ್ತು ಅಕ್ಕ’.
ಏಳನ್ನೂ ಓದಿ ಹಿಗ್ಗಿದೆ.
ಮಡಚಿಟ್ಟ ಮೇಲೆ ಯಾವುದು ಯಾರದು,
ಯಾಕೆ ಬರೆದರು, ಒಂದೂ ನಿಲ್ಲಲಿಲ್ಲ.

ಎಂಟನೆಯದು: ‘ಹದಿನೇಳು ಸಲ ಅಂದ್ರೆ ಅಂದಿರಿ. ಎಣಿಸಿದ್ದೇನೆ.’
ಅಫ್ರೋಜ್ ಪಾಷ. ಇನ್ಯಾರು?
ಗೂಡನ್ನು ಕಿವಿಯ ಹತ್ತಿರ ಅಲ್ಲಾಡಿಸಿ
ಒಳಗಿನ ಹುಳದ ಕಥೆ ಹೇಳುವವನು.
ಆ ಕಿವಿಗೆ ನನ್ನ ಮಾತೂ ಸಿಕ್ಕಿತಲ್ಲ, ಹಾಳಾಗಲಿ.

ಒಂಬತ್ತನೆಯದು: ‘ಸೊಂಟಕ್ಕೆ ಕೈ ಕೊಟ್ಟು ನಿಂತಿರಿ.
ನಾವೆಲ್ಲ ನಿಮಗೆ ಬಾಕಿ ಕೊಡಬೇಕೇನೋ ಅನ್ನಿಸಿತು.’
ನಕ್ಕೆ. ನಗು ಮುಗಿಯುವ ಮೊದಲೇ
ಹತ್ತನೆಯದು, ಪಿಳ್ಳಪ್ಪನ ನೇರಳೆ ಇಂಕು:
‘ನೀವು ಮಾತಾಡಲಿಲ್ಲ. ಓದಿದಿರಿ.’

ಅನ್ನ ತಳ ಹಿಡಿಯಿತು.
ಯಾರು ಹೇಳುತ್ತಿರುವುದು?
‘ಮಾ ಮಾ ಮಾನ್ಯರೇ’ ದಾಟಲು
ಒಂದು ನಿಮಿಷ ಬೇಕಾದ ಪಿಳ್ಳಪ್ಪ!
ಹೋದ ವಾರ ಅವನು ಒದ್ದಾಡಿ ಕೂತಾಗ
ನಾನೇನು ಬರೆದೆ?
ಪಾತ್ರೆ ಕೆಳಗಿಳಿಸುತ್ತ ನೆನಪಾಯಿತು.
‘ಚೆನ್ನಾಗಿತ್ತು.’

ರೈತನಿಗೆ ಐವತ್ತು ಗ್ರಾಂ ಕಡಿಮೆಯಾದರೆ
ಜಗಳಕ್ಕೆ ನಿಲ್ಲುವವಳು,
ಪಿಳ್ಳಪ್ಪನಿಗೆ ಸುಳ್ಳು ತೂಕ ಕೊಟ್ಟಿದ್ದೆ.

ಹನ್ನೊಂದನೆಯದು ಚೀಟಿಗಳ ಅಡಿಯಲ್ಲಿತ್ತು.
ಗದಗಿನಿಂದ ವರ್ಗವಾಗಿ ಬಂದ ಬ್ಯಾಂಕಿನ ಹುಡುಗಿ, ಶಿವಲೀಲಾ:
‘ನನಗ ತೆಲುಗು ಬರೂದಿಲ್ರಿ.
ಆದ್ರ ನಡುವ ನಿಮ್ಮ ಅವ್ವ ಏನೋ ಅಂದ್ರಲ್ಲ,
ಅದೊಂದು ಪೂರ್ತಿ ತಿಳೀತು.’

ಅಮ್ಮನ ಮಾತು ಹಾಳೆಯಲ್ಲಿ ಇರಲಿಲ್ಲ.
ಮುನ್ನೂರ ನಲವತ್ತು ರೂಪಾಯಿ ಅವಳ ಕೈಗಿಟ್ಟಾಗ
ಎರಡು ಸಲ ಎಣಿಸಿ, ತಿರುಗಿ ನನ್ನ ಅಂಗೈಗೇ ಇಟ್ಟು
ಬೆರಳು ಒಂದೊಂದಾಗಿ ಮಡಿಸಿದ್ದಳು:
‘ನೀದೇ. ಪೆಟ್ಟುಕೋ.’
ಅದು ಹೇಗೆ ಬಾಯಿಗೆ ಬಂತೋ ಗೊತ್ತಿಲ್ಲ.
ಆಗ ನನ್ನ ಕಣ್ಣು ಹಾಳೆ ಬಿಟ್ಟಿರಬೇಕು.
ಕೈ ಸೊಂಟ ಬಿಟ್ಟಿರಬೇಕು.
ಅಂದ್ರೆ ಎಂಬ ಮಾತೂ ಬಂದಿರಲಾರದು,
ಅಮ್ಮ ಅದನ್ನು ಹೇಳುವವಳಲ್ಲ.

ಈ ಶನಿವಾರ ಪಿಳ್ಳಪ್ಪನ ಸರದಿ.
ವಿಷಯ, ಅವನ ಸೈಕಲ್.
ಒಂದೊಂದು ಪದವೂ ಏರು ಹತ್ತುವಾಗ
ನಾನು ಗಡಿಯಾರ ನೋಡಲಿಲ್ಲ, ಅವನನ್ನು ನೋಡಿದೆ.
ಚೀಟಿ ಸಾಲದೆ ಹಿಂಬದಿಗೂ ಬರೆದೆ:
‘ಚೈನ್ ಕಳಚಿದ ಕಥೆ ಹೇಳುವಾಗ
ಕಿಟಕಿಯ ಕಡೆ ತಿರುಗಿದಿರಿ.
ಅಲ್ಲಿ ಮೂರು ವಾಕ್ಯ ಎಲ್ಲೂ ತಡೆಯಲಿಲ್ಲ.
ಕಿಟಕಿಯಲ್ಲಿ ಯಾರಿದ್ದರು?
ಮುಂದಿನ ಸಲ ಅವರಿಗೇ ಹೇಳಿ, ನಾವು ಕೇಳಿಸಿಕೊಳ್ಳುತ್ತೇವೆ.’

ಕೆಳಗೆ ಹೆಸರು ಹಾಕಿದೆ: ಗಂಗುಲಮ್ಮ.
ಮೇಷ್ಟ್ರು ಬೈದರೆ ಬೈಯಲಿ.
ತೂಕದ ಚೀಟಿಗೆ
ತೂಗಿದವರ ಸಹಿ ಇರಬೇಕು.